ಸಾಬೀತಿನ ಸಾಹೇಬರು

ಅವರ ಹಣೆಯ ಮೇಲೆ ಸದಾ ಒಂದು ಕೆಂಪು ಗೆರೆ ಇರುತ್ತಿತ್ತು. ಗಂಧದ್ದಲ್ಲ, ಕುಂಕುಮದ್ದೂ ಅಲ್ಲ. ಹೆಲ್ಮೆಟ್ಟು ಒತ್ತಿ ಮೂಡಿದ್ದು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಆ ದಿನಗಳಲ್ಲಿ ಗೋಕಾಕದಲ್ಲಿ ಹೆಲ್ಮೆಟ್ ಹಾಕುತ್ತಿದ್ದ ಗಂಡಸು ಅವರೊಬ್ಬರೇ ಎಂದು ಕಾಣುತ್ತದೆ. ಮೊಪೆಡ್ಡಿನ ಮೇಲೆ ಕಚೇರಿಯಿಂದ ಎದುರಿನ ಹೋಟೆಲಿಗೆ ದಾಟುವಾಗಲೂ ಅದನ್ನು ತಲೆಗೇರಿಸಿ, ಗಲ್ಲದ ಕೆಳಗೆ ಪಟ್ಟಿ ಬಿಗಿದೇ ಹೊರಡುತ್ತಿದ್ದರು. ಜನ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಒಮ್ಮೆ ಕೇಳಿಯೂ ಬಿಟ್ಟೆ: "ಏನ್ರಿ ಸಾಹೇಬ್ರ, ರಸ್ತಾ ದಾಟಾಕೂ ಟೊಪಗಿ ಬೇಕೇನ್ರಿ?"

ಅವರು ನಗಲಿಲ್ಲ. ಅವರು ನಕ್ಕಿದ್ದನ್ನು ನಾನು ನೋಡಿದ್ದು ಒಂದೇ ಸಲ, ಅದನ್ನು ಮುಂದೆ ಹೇಳುತ್ತೇನೆ. ಪಟ್ಟಿ ಬಿಚ್ಚಿ, ಹೆಲ್ಮೆಟ್ಟನ್ನು ಕೂಸಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದರು: "ಮನಿ ಹತ್ರಾನ ಪೆಟ್ಟ ಬೀಳೂದು ಜಾಸ್ತಿ ರೀ. ಇದು ಸಾಬೀತಾದ ವಿಷಯ."

ಈ ಮಾತನ್ನು ನಾನು ಅವರ ಬಾಯಿಂದ ಎಷ್ಟು ಸಲ ಕೇಳಿದ್ದೇನೋ. ಬಿಸಿನೀರು ಕುಡಿಯುವುದು, ಎಡಗಡೆ ಮಲಗುವುದು, ಕಳ್ಳರನ್ನು ತಿದ್ದುವುದು, ಎಲ್ಲವೂ ಎಲ್ಲೋ ಯಾರಿಂದಲೋ ಸಾಬೀತಾಗಿರುತ್ತಿತ್ತು. ಸಾಬೀತಾಗದೆ ಉಳಿದದ್ದು ಒಂದೇ, ತಮ್ಮ ಕಣ್ಣೆದುರು ನಿಂತ ಮನುಷ್ಯ ಯಾರು ಎಂಬುದು. ಅದನ್ನು ತಿಳಿಯುವ ಗೋಜಿಗೆ ಸಾಹೇಬರು ಕೊನೆಯವರೆಗೂ ಹೋಗಲಿಲ್ಲ.

ಅವರು ಪ್ರೊಬೇಷನ್ ಅಧಿಕಾರಿ. ಮೊದಲ ಸಲ ತಪ್ಪು ಮಾಡಿದವರನ್ನು ಕೋರ್ಟು ಕೆಲವೊಮ್ಮೆ ಜೈಲಿಗೆ ಕಳಿಸುವುದಿಲ್ಲ. ಒಳ್ಳೆಯ ನಡತೆಯಿಂದ ಇರುತ್ತೇನೆಂದು ಮುಚ್ಚಳಿಕೆ ಬರೆಸಿಕೊಂಡು, ಇಂಥವರೊಬ್ಬರ ಕಣ್ಗಾವಲಿನಲ್ಲಿ ಊರಲ್ಲೇ ಬಿಡುತ್ತದೆ. ಗೋಕಾಕ, ಹುಕ್ಕೇರಿ ಕಡೆ ಹಾಗೆ ಬಿಡುಗಡೆಯಾದವರೆಲ್ಲ ಇವರ ಪಾಲಿಗೆ ಬರುತ್ತಿದ್ದರು. ನಾನು ಮೂಡಲಗಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟವನು. ಮನೆಯೊಳಗೆ ಅರ್ಧ ಮರಾಠಿ, ಅರ್ಧ ಕನ್ನಡ ಮಾತಾಡುವ ಜೈನರು ನಾವು; ಇರುವೆಯನ್ನು ಕಂಡರೆ ಕಾಲು ಸರಿಸಿ ಇಡುವವರು. ನನಗೂ ಇಂಥ ಸಾಹೇಬರಿಗೂ ಎತ್ತಣ ಸಂಬಂಧ? ಸಂಬಂಧ ತಂದವನು ಲಕ್ಕಪ್ಪ.

ಲಕ್ಕಪ್ಪ ತುಕ್ಕಾನಟ್ಟಿ ಕಡೆಯ ಕುರುಬರ ಹುಡುಗ. ಅಲ್ಲಿಯ ನಮ್ಮ ಹಿರಿಯರ ಹೊಲದಲ್ಲಿ ವರ್ಷಕ್ಕೊಮ್ಮೆ ಅವರ ಕುರಿ ಹಿಂಡು ತಂಗದಿದ್ದರೆ ನಮ್ಮ ಜೋಳಕ್ಕೆ ಮೈಯೇ ಬರುತ್ತಿರಲಿಲ್ಲ. ರಾತ್ರಿಯೆಲ್ಲ ಹೊಲದಲ್ಲಿ ಕುರಿ ನಿಲ್ಲಿಸಿದರೆ ಬೀಳುವ ಹಿಕ್ಕೆಯ ಮುಂದೆ ನಾನು ಮಾರುವ ಚೀಲದ ಗೊಬ್ಬರ ಏನೂ ಅಲ್ಲ. ಇದನ್ನು ಗಿರಾಕಿಗಳ ಮುಂದೆ ಹೇಳುವುದಿಲ್ಲ ಅಷ್ಟೆ. ನನ್ನ ತಂದೆಯ ಕಾಲದಿಂದ ಲಕ್ಕಪ್ಪನ ಅಪ್ಪ ಬರುತ್ತಿದ್ದ. ಆಮೇಲೆ ಮಗನೂ ಕಂಬಳಿ ಹೊದ್ದು ಹಿಂದೆ ಬರತೊಡಗಿದ. ಸುಗ್ಗಿ ಮುಗಿದ ಮೇಲೆ ಪಶ್ಚಿಮದ ಭತ್ತದ ಗದ್ದೆಗಳ ಕಡೆ ಹೋಗುವುದು, ಮಳೆ ಹಿಡಿಯುವ ಮುಂಚೆ ಕುರಿಗಳ ಕಾಲು ಕೊಳೆಯದ ಹಾಗೆ ಒಣನಾಡಿಗೆ ತಿರುಗಿ ಬರುವುದು, ಇದೇ ಅವರ ವರ್ಷ.

ಅಂಥವನು ಒಮ್ಮೆ ಕಬ್ಬಿನ ತೋಟದ ಕಾವಲುಗಾರನ ತಲೆ ಒಡೆದ. ಕುರಿ ಬದು ದಾಟಿ ಕಬ್ಬಿಗೆ ಬಾಯಿ ಹಾಕಿದವು, ಅದು ಖರೆ. ಕಾವಲುಗಾರ ದಂಡವೆಂದು ಒಂದು ಮರಿಯನ್ನು ಹೆಗಲಿಗೇರಿಸಿಕೊಂಡು ನಡೆದ, ಅದೂ ಖರೆ. ಲಕ್ಕಪ್ಪ ಕೋಲು ಬೀಸಿದ. ಕಾವಲುಗಾರ ಉಳಿದುಕೊಂಡ, ಕೇಸು ನಡೆಯಿತು. ಕಡೆಗೆ ಕೋರ್ಟು ಜೈಲು ಬೇಡವೆಂದು ಲಕ್ಕಪ್ಪನನ್ನು ಪ್ರೊಬೇಷನ್ ಮೇಲೆ ಬಿಟ್ಟಿತು. ನಾನೇ ಜಾಮೀನು ನಿಂತೆ. ಲಕ್ಕಪ್ಪನ ಅಪ್ಪ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು, "ಸಾವಕಾರ್ರ, ಹುಡುಗ ಹಿಂಡಿನ್ಯಾಗ ಇದ್ರ ಸಾಕ್ರಿ, ಮತ್ತ ಯಾರ ತಂಟೇಕೂ ಹೋಗಾಂವಲ್ಲ" ಅಂದ. ನಾನೂ ಹಾಗೆಯೇ ತಿಳಿದಿದ್ದೆ. ಬುದ್ಧಿ ಇದ್ದ ಯಾರಾದರೂ ಹಾಗೆಯೇ ತಿಳಿಯುತ್ತಿದ್ದರು.

ಮೊದಲ ಸೋಮವಾರ ಲಕ್ಕಪ್ಪನನ್ನು ನಾನೇ ಕರೆದುಕೊಂಡು ಹೋದೆ. ಸಾಹೇಬರು ಆಗ ತಾನೇ ಯಾವುದೋ ದೊಡ್ಡ ಊರಲ್ಲಿ ತರಬೇತಿ ಮುಗಿಸಿ ಬಂದಿದ್ದರು. ಪರದೇಶದಲ್ಲಿ ತಪ್ಪು ಮಾಡಿದವರನ್ನು ವರ್ಷಗಟ್ಟಲೆ ನೋಡಿ, ಯಾರು ಮತ್ತೆ ತಪ್ಪು ಮಾಡುತ್ತಾರೆ, ಯಾರು ಮಾಡುವುದಿಲ್ಲ ಎಂದು ತೂಗಿ ಕೆಲವು ಪ್ರಶ್ನೆ ಕಟ್ಟಿದ್ದಾರಂತೆ. ಉತ್ತರಕ್ಕೆ ತಕ್ಕ ಹಾಗೆ ಅಂಕ. ಕಡಿಮೆ ಅಂಕದವನನ್ನು ಸಡಿಲ ಬಿಡಬೇಕು, ಹೆಚ್ಚು ಅಂಕದವನನ್ನು ಬಿಗಿ ಹಿಡಿಯಬೇಕು. ಕೇಳಿದರೆ ತಪ್ಪೇನೂ ಕಾಣುವುದಿಲ್ಲ. ಬೀಜ ಕೊಡುವ ಮುಂಚೆ ನಾನೂ ಹೊಲ ಎಂಥದು, ನೀರು ಎಷ್ಟು ಎಂದು ಕೇಳುತ್ತೇನೆ. ಆದರೆ ಕರಿ ಮಣ್ಣಿನ ಎರೆ ಹೊಲಕ್ಕೆ ಕೇಳುವ ಪ್ರಶ್ನೆಯನ್ನು ಕೆಂಪು ಮಣ್ಣಿನ ಮಸಾರಿ ಹೊಲಕ್ಕೆ ಕೇಳುವುದಿಲ್ಲ.

ಸಾಹೇಬರು ಗಂಟಲು ಸರಿ ಮಾಡಿಕೊಂಡರು. "ಹ್ವಾದ ವರ್ಷ ಎಷ್ಟ ಕಡೆ ವಾಸ ಮಾಡಿದಿ?"

ಲಕ್ಕಪ್ಪ ನನ್ನ ಮುಖ ನೋಡಿದ. "ಎಣಿಸಿಲ್ರಿ. ಕುರಿ ಎಲ್ಲಿ ನಿಂದರ್ತಾವ ಅಲ್ಲೇ."

"ಒಂದ ಕಡೆ ಹೆಚ್ಚಂದ್ರ ಎಷ್ಟ ದಿನಾ ಇರ್ತಿ?"

"ಮೇವು ಇರೂತನಕ ರೀ."

"ರಾತ್ರಿ ಮನ್ಯಾಗ ಮಲಗ್ತಿಯೋ, ಹೊರಗೋ?"

"ಹೊರಗ ರೀ. ತ್ವಾಳ ಬರ್ತಾವಲ್ರಿ."

"ಆಯುಧ ಹಿಡಕೊಂಡ ಅಡ್ಡಾಡೂ ರೂಢಿ ಐತೇನು?"

"ಕೊಡ್ಲಿ ಇರತೈತ್ರಿ, ತೊಪ್ಪಲಾ ಕಡ್ಯಾಕ. ಮತ್ತ ಒಂದ ಬಡಿಗಿ."

"ಗೆಳೆಯಾರು?"

"ಎರಡ ನಾಯಿ ಅದಾವ್ರಿ" ಅಂದ ಲಕ್ಕಪ್ಪ.

ನನಗೆ ನಗು ಬಂತು. ಸಾಹೇಬರ ಹಣೆಯ ಗೆರೆ ಇನ್ನಷ್ಟು ಕೆಂಪಾಯಿತು. ಒಂದೊಂದು ಉತ್ತರಕ್ಕೂ ಅಂಕ ಬೀಳುತ್ತಲೇ ಇತ್ತು. ಲಕ್ಕಪ್ಪ ಒಂದೇ ಒಂದು ಸುಳ್ಳು ಹೇಳಿದ್ದರೂ ಬಚಾವಾಗುತ್ತಿದ್ದ, ಆದರೆ ಸುಳ್ಳು ಹೇಳುವುದನ್ನು ಅವನಿಗೆ ಕುರಿಗಳು ಕಲಿಸಿರಲಿಲ್ಲ. ಕೊನೆಗೆ ಸಾಹೇಬರು ಪೆನ್ನು ಮುಚ್ಚಿ, "ಭಾಳ ಅಪಾಯದ ವ್ಯಕ್ತಿ" ಅಂದರು. ಲಕ್ಕಪ್ಪ ಹಿಂದಕ್ಕೆ ತಿರುಗಿ ಯಾರು ಬಂದರೋ ಎಂದು ಬಾಗಿಲು ನೋಡಿದ.

"ಸಾಹೇಬ್ರ, ಇಂವಾ ಕುರಿ ಕಾಯಾಂವ್ರಿ" ಅಂದೆ. "ಕುರಿ ಹಿಂದ ಹೋಗೂದು ಉಡಾಳ ತಿರುಗಾಟ ಅಲ್ರಿ. ಅದು ಅವನ ದುಡಿತ."

"ನೀವು ಭಾವನಾದಾಗ ಮಾತಾಡಾಕತ್ತೀರಿ. ಒಂದ ಕಡೆ ನಿಂದರದ ಮನಶ್ಯಾ ಮತ್ತ ತಪ್ಪ ಮಾಡ್ತಾನ. ಇದು ಸಾಬೀತಾದ ವಿಷಯ."

"ಎಲ್ಲಿ ಸಾಬೀತಾಗೇತ್ರಿ? ತುಕ್ಕಾನಟ್ಟ್ಯಾಗೇನ್ರಿ?"

ನಾನು ಅವರ ಮೇಜಿನ ಮೇಲೆ ಉಗುಳಿದೆನೋ ಎನ್ನುವ ಹಾಗೆ ನೋಡಿದರು. ಪ್ರಶ್ನೆ ಕಟ್ಟಿದ ಆ ಪರದೇಶದ ಜನರ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಪಾಪ, ಅವರು ತಮ್ಮ ಊರಿನ ಜನರನ್ನು ನೋಡಿ ಕಟ್ಟಿದ್ದರು. ಅವರು ಕಷ್ಟಪಟ್ಟು ತಿಳಿದದ್ದನ್ನು ಈ ಮನುಷ್ಯ ಗಿಣಿಯ ಹಾಗೆ ಬಾಯಿಪಾಠ ಮಾಡಿ ತಂದು ಕುರುಬರ ಹುಡುಗನ ತಲೆಯ ಮೇಲೆ ಸುರಿದರಲ್ಲ, ನನ್ನ ತಿರಸ್ಕಾರವೆಲ್ಲ ಅದಕ್ಕೆ.

ಕಟ್ಟಳೆ ಹೀಗಾಯಿತು: ಲಕ್ಕಪ್ಪ ಗೋಕಾಕ ಬಿಟ್ಟು ಹೋಗಕೂಡದು. ಪ್ರತಿ ಸೋಮವಾರ ಬಂದು ಮುಖ ತೋರಿಸಬೇಕು. ಒಂದೇ ಕಡೆ ನಿಂತು ಮಾಡುವ ಕೆಲಸ ಹಿಡಿಯಬೇಕು. ಕೆಲಸವನ್ನೂ ಸಾಹೇಬರೇ ಹುಡುಕಿಕೊಟ್ಟರು, ಕಚೇರಿಯ ಎದುರಿನ ಹೋಟೆಲಿನಲ್ಲಿ ಟೇಬಲ್ ಒರೆಸುವುದು. ಮಲಗಲು ಹೋಟೆಲಿನ ಹಿಂದೆ ಒಂದು ಕೋಣೆ. ಸೂರಿನ ಕೆಳಗೆ ಮಲಗಿ ಅಭ್ಯಾಸವಿಲ್ಲದ ಲಕ್ಕಪ್ಪ ಮೊದಮೊದಲು ಉಸಿರು ಕಟ್ಟುತ್ತದೆಂದು ಬಯಲು ಮಾಳಿಗೆ ಹತ್ತಿ ಮಲಗುತ್ತಿದ್ದನಂತೆ. ಹಿಂಡಿನ ಹಿಂದೆ ಈಗ ಮುದುಕ ಅಪ್ಪ ಒಬ್ಬನೇ. ಮುಚ್ಚಳಿಕೆಯ ಅವಧಿ ಮುಗಿಯುವವರೆಗೆ ಆ ಮುದುಕ ಹೇಗಾದರೂ ಕುರಿಗಳನ್ನು ಉಳಿಸಿಕೊಂಡರೆ ಮಗ ಮತ್ತೆ ಕುರುಬನಾಗುತ್ತಾನೆ; ಇಲ್ಲವಾದರೆ ಇಲ್ಲ. ಅಲ್ಲಿ ಇದ್ದದ್ದು ಇಷ್ಟೇ ಪ್ರಶ್ನೆ, ಆದರೆ ಸಾಹೇಬರು ತಂದ ಪ್ರಶ್ನೆಗಳಲ್ಲಿ ಅದು ಇರಲಿಲ್ಲ.

ಒಂದು ಮಾತು ಹೇಳಲೇಬೇಕು. ಸಾಹೇಬರು ಲಂಚ ಮುಟ್ಟುತ್ತಿರಲಿಲ್ಲ. ನಾನು ವ್ಯಾಪಾರಸ್ಥ, ಯಾವ ಬಾಗಿಲನ್ನು ಹೇಗೆ ತಟ್ಟಬೇಕೆಂದು ಬಲ್ಲವನು. ಒಂದು ದಿನ ಅವರ ಮನೆಗೆ ಎರಡು ಪೆಂಟೆ ಬೆಲ್ಲ ಕಳಿಸಿದೆ. ಮಾರನೆಯ ದಿನ ಮಟಮಟ ಮಧ್ಯಾಹ್ನ ಅವರೇ ಮೊಪೆಡ್ಡಿನ ಮೇಲೆ ಬೆಲ್ಲ ಕಟ್ಟಿಕೊಂಡು, ಹೆಲ್ಮೆಟ್ಟಿನೊಳಗೆ ಬೆವರು ಸುರಿಸುತ್ತ ಮೂಡಲಗಿಯವರೆಗೆ ಬಂದು ನನ್ನ ಅಂಗಡಿಯ ಕಟ್ಟೆಯ ಮೇಲೆ ಇಟ್ಟು ಹೋದರು. ನನ್ನ ನೀರನ್ನೂ ಕುಡಿಯಲಿಲ್ಲ. ಓಣಿಯವರೆಲ್ಲ ಎಂಥ ಪ್ರಾಮಾಣಿಕ ಎಂದು ಹೊಗಳಿದರು. ಒಳಗಿನಿಂದ ನೋಡುತ್ತಿದ್ದ ನನ್ನ ತಾಯಿ ಮಾತ್ರ, "ಓದಿದ್ದು ತಲಿಗೆ ಏರೇತಿ, ಎದಿಗೆ ಇಳದಿಲ್ಲ" ಅಂದಳು. ಅವರು ಲಂಚ ತಿನ್ನುವ ಮನುಷ್ಯರಾಗಿದ್ದರೆ ಲಕ್ಕಪ್ಪ ಮರುದಿನವೇ ಹಿಂಡಿನ ಹಿಂದೆ ಇರುತ್ತಿದ್ದ. ಇಂಥ ಪ್ರಾಮಾಣಿಕತೆಗಿಂತ ಒಬ್ಬ ಹೊಟ್ಟೆಬಾಕ ಕಾರಕೂನ ಎಷ್ಟೋ ಮೇಲು ಎಂದು ನಾನು ಅಂದು ತಿಳಿದೆ, ಇಂದಿಗೂ ಹಾಗೇ ತಿಳಿದಿದ್ದೇನೆ.

ಸೋಮವಾರದ ಸಭೆಗಳು ನೋಡುವಂತಿದ್ದವು. ತಪ್ಪು ಮಾಡಿದವರು ಗುಂಪಿನಲ್ಲಿ ಕೂತು ಮಾತಾಡಿದರೆ ಸುಧಾರಿಸುತ್ತಾರೆ ಎಂಬುದೂ ಸಾಬೀತಾಗಿತ್ತು. ಹಾಗಾಗಿ ಎಲ್ಲರಿಗೂ ಒಂದೇ ಹೊತ್ತು, ಒಂದೇ ಬೆಂಚು. ಮಾವನ ಜೊತೆ ಬದುವಿಗಾಗಿ ಬಡಿದಾಡಿದ ಅಂಕಲಗಿಯ ಬಡ ಮಾಸ್ತರ ಒಂದು ತುದಿಗೆ, ಹೆದ್ದಾರಿಯಲ್ಲಿ ಓಡುವ ಲಾರಿ ಹತ್ತಿ ತಾಡಪತ್ರಿ ಬಿಚ್ಚಿ ಮಾಲು ಎಗರಿಸುತ್ತಿದ್ದು ಮೊದಲ ಸಲ ಸಿಕ್ಕಿಬಿದ್ದ ಯಮಕನಮರಡಿಯ ಒಬ್ಬ ಪ್ರವೀಣ ಕಳ್ಳ ಇನ್ನೊಂದು ತುದಿಗೆ, ನಡುವೆ ಲಕ್ಕಪ್ಪ. ಒಳಗೆ ಸಾಹೇಬರು ಕರೆಯುವ ಮುಂಚೆ ಹೊರಗೆ ಬೆಂಚಿನ ಮೇಲೆ ಪಾಠ ನಡೆಯುತ್ತಿತ್ತು. ಲಾರಿ ಏರು ಹತ್ತುವಾಗ ಹಿಂದಿನ ಹಗ್ಗವನ್ನು ಮೊದಲು ಬಿಚ್ಚಬೇಕೋ, ಬಾಜೂದ್ದೋ ಎಂದು ಆ ಪ್ರವೀಣ ಕೈ ಆಡಿಸಿ ವಿವರಿಸುವುದನ್ನು ನಾನೇ ಕೇಳಿದ್ದೇನೆ. ಮಾಸ್ತರ ಬಾಯಿ ತೆರೆದು ಕೇಳುತ್ತಿದ್ದ. ಸಾಹೇಬರು ಹೊರಗೆ ಇಣುಕಿ, "ಚರ್ಚಾ ಚೊಲೊ ನಡದೈತಿ, ನಡೀಲಿ" ಎಂದು ಒಳಗೆ ಹೋದರು.

ಆಮೇಲೆ ಅವರ ಹೊಗಳಿಕೆ. ಒಂದು ಸಲ ಬೈಯುವ ಮುಂಚೆ ನಾಲ್ಕು ಸಲ ಹೊಗಳಬೇಕು, ಹಾಗಾದರೆ ಬೈಗುಳ ನಾಟುತ್ತದೆ ಎಂದು ತರಬೇತಿಯಲ್ಲಿ ಕಲಿಸಿದ್ದರಂತೆ. ಕಲಿಸಿದವರ ಅರ್ಥ ಏನಿತ್ತೋ, ಮನುಷ್ಯನಲ್ಲಿ ಒಳ್ಳೆಯದನ್ನು ಹುಡುಕಿ ಕಂಡು ಹೇಳಿ ಎಂದಿತ್ತೋ ಏನೋ. ನಮ್ಮ ಸಾಹೇಬರಿಗೆ ಅದು ಊಟಕ್ಕೆ ಮುಂಚೆ ಕೈ ತೊಳೆದ ಹಾಗೆ. "ಅಂಗಿ ಚೊಲೊ ಐತಿ. ಕೂದಲಾ ಬಾಚ್ಕೊಂಡ ಬಂದಿ. ನಮಸ್ಕಾರ ಚೊಲೊ ಮಾಡಿದಿ. ಚಪ್ಪಲಿ ಹೊರಗ ಬಿಟ್ಟಿ" ಎಂದು ಬೆರಳು ಮಡಚುತ್ತ ಹೇಳಿ, ನಾಲ್ಕನೆಯ ಬೆರಳು ಮಡಚಿದ ಕೂಡಲೇ ಚಾಟಿ ಬೀಸುತ್ತಿದ್ದರು. ಬೆಂಚಿನವರೆಲ್ಲ ಇದನ್ನು ಕಂಡುಕೊಂಡಿದ್ದರು. ಸಾಹೇಬರು ಒಬ್ಬನ ಅಂಗಿ ಹೊಗಳಿದರೆಂದರೆ ಅವನ ಮುಖ ಬಿಳಿಚಿಕೊಳ್ಳುತ್ತಿತ್ತು.

ಎರಡನೆಯ ವರ್ಷದ ಚಳಿಗಾಲದಲ್ಲಿ ಸುದ್ದಿ ಬಂತು. ಪಶ್ಚಿಮದ ಕಡೆ ಹೋಗಿದ್ದ ಅಪ್ಪ ಗದ್ದೆಯ ಬದುವಿನಿಂದ ಬಿದ್ದು ಸೊಂಟ ಮುರಿದುಕೊಂಡಿದ್ದಾನೆ, ಹಿಂಡು ನೋಡುವವರಿಲ್ಲ, ನಾಯಿಗಳೇ ಕಾಯುತ್ತಿವೆ ಎಂದು ಬೇರೊಂದು ಹಿಂಡಿನವನು ಬಸ್ಸಿನಲ್ಲಿ ಬಂದು ಲಕ್ಕಪ್ಪನಿಗೆ ಹೇಳಿದ. ಲಕ್ಕಪ್ಪ ಟೇಬಲ್ ಒರೆಸುವ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡೇ ಎದುರಿನ ಕಚೇರಿಗೆ ಓಡಿದ. ಬೀಗ. ಸಾಹೇಬರು ಇನ್ನೊಂದು ತರಬೇತಿಗೆ ಹೋಗಿದ್ದರು. ಅವನು ನನಗೆ ಫೋನ್ ಮಾಡಿಸಿದ. ನಾನು ಎಸ್‌ಟಿಡಿ ಬೂತಿನಲ್ಲಿ ನಿಂತು ನಾಲ್ಕಾರು ಕಡೆ ತಿರುಗಿಸಿ ನೋಡಿದೆ. ಸಾಹೇಬರನ್ನು ಬಿಟ್ಟು ಯಾರಿಗೂ ಅನುಮತಿ ಕೊಡುವ ಅಧಿಕಾರವಿಲ್ಲ ಅಂದರು. ಲಕ್ಕಪ್ಪ ಒಂದು ದಿನ ಕಾದ, ಇನ್ನೊಂದು ದಿನ ಕಾದ. ಮೂರನೆಯ ದಿನ ನಾನೇ ಹೇಳಿದೆ: "ಹೋಗಪಾ. ಏನ್ ಆಗತೈತಿ ನಾ ನೋಡ್ಕೋತೇನಿ."

ಅವನು ಹೋದ. ಅಪ್ಪನನ್ನು ಯಾವುದೋ ಲಾರಿಗೆ ಹತ್ತಿಸಿ ಕಳಿಸಿ, ಹಿಂಡನ್ನು ಮುಂದೆ ಹಾಕಿಕೊಂಡು, ಹಾದಿಯಲ್ಲಿ ಮೇಯಿಸುತ್ತ ನಡೆದು ಬಂದ. ಕುರಿಗಳನ್ನು ಬಸ್ಸಿನಲ್ಲಿ ತರಲಾಗುವುದಿಲ್ಲವಲ್ಲ. ಒಂದು ತಿಂಗಳು ಮೀರಿತು. ಕುರಿಗಳನ್ನು ನಮ್ಮ ಹೊಲದಲ್ಲಿ ನಿಲ್ಲಿಸಿದವನೇ, ಮನೆಗೂ ಹೋಗದೆ ಗೋಕಾಕದ ಬಸ್ಸು ಹತ್ತಿ ಸಾಹೇಬರ ಮುಂದೆ ಹೋಗಿ ನಿಂತ. ಯಾರೂ ಹಿಡಿದು ತರಲಿಲ್ಲ. ತಾನಾಗಿ ಹೋಗಿ, "ಹೋಗಿದ್ದೆ ರೀ, ಬಂದೇನಿ" ಅಂದ. ಅವನ ಹಿಂದೆಯೇ ನಾನೂ ಓಡಿದ್ದೆ, ಬಾಗಿಲಲ್ಲಿ ನಿಂತು ಎಲ್ಲ ಕೇಳಿದೆ.

"ತಾನಾಗಿ ಬಂದಿ, ಚೊಲೊ ಆತು. ಖರೆ ಹೇಳಿದಿ, ಚೊಲೊ ಆತು. ತಂದಿ ಮ್ಯಾಲ ಪ್ರೀತಿ ಐತಿ, ಚೊಲೊ. ಮಾರಿ ತೊಳಕೊಂಡ ಬಂದಿ." ನಾಲ್ಕನೆಯ ಬೆರಳು ಮಡಚಿತು. "ಆದ್ರ ಷರತ್ತ ಮುರದಿ. ಕೋರ್ಟಿಗೆ ಹೇಳಬೇಕಾಗತೈತಿ."

ನಾನು ಒಳಗೆ ನುಗ್ಗಿದೆ. "ಸಾಹೇಬ್ರ, ಅವನಪ್ಪ ಹಾಸಿಗಿ ಹಿಡದಾನ್ರಿ. ನಿಮ್ಮ ಬಾಗಲಾ ಬಡದ ಬಡದ ಸಾಕಾಗಿ ಹೋಗ್ಯಾನ. ಕುರಿ ಹಂಗ ಬಿಟ್ಟ ಬರಬೇಕಿತ್ತೇನ್ರಿ?"

"ಕಾರಣಾ ಎಲ್ಲಾರ ಕಡೆ ಇರತೈತ್ರಿ" ಎಂದು ಅವರು ಹೆಲ್ಮೆಟ್ಟಿನ ಒಳಗನ್ನು ಕರವಸ್ತ್ರದಿಂದ ಒರೆಸತೊಡಗಿದರು.

ಕೋರ್ಟಿನಲ್ಲಿ ಅವರನ್ನು ನೋಡಬೇಕಿತ್ತು. ಲಕ್ಕಪ್ಪನನ್ನು ಜೈಲಿಗೆ ಹಾಕಬೇಡಿ ಎಂದು ಕೈ ಮುಗಿದು ಕೇಳಿದರು. ಜೈಲಿನಿಂದ ಇಂಥವರು ಸುಧಾರಿಸುವುದಿಲ್ಲ, ಅದು ಸಾಬೀತಾಗಿದೆ. ಅವಧಿ ಹೆಚ್ಚಿಸಿ, ಕಟ್ಟು ಇನ್ನೂ ಬಿಗಿ ಮಾಡಿ, ನನಗೆ ಬಿಡಿ, ನಾನು ತಿದ್ದುತ್ತೇನೆ ಅಂದರು. ಕರಿಕೋಟಿನವರೆಲ್ಲ ಎಂಥ ದಯಾಳು ಎಂದು ತಲೆದೂಗಿದರು. ಅವರು ಕೇಳಿದ್ದನ್ನೆಲ್ಲ ಕೋರ್ಟು ಕೊಟ್ಟಿತು. ಹೊರಗಿನ ಬೇವಿನ ಮರದ ಕೆಳಗೆ ಸಾಹೇಬರು ನನ್ನ ಹತ್ತಿರ ಬಂದರು, ಮತ್ತು ನಕ್ಕರು. ನಾನು ಮೊದಲು ಹೇಳಿದ ಆ ಒಂದು ನಗು ಇದೇ. ಗಣಿತದ ಉತ್ತರ ಹೊಂದಿದಾಗ ಸಾಲಿಯ ಹುಡುಗರು ನಗುವ ನಗು.

"ನೋಡಿದ್ರ್ಯಾ? ಮೊದಲನೇ ದಿನಾನ ಅಂದಿದ್ದೆ, ಇಂವಾ ಷರತ್ತ ಮುರೀತಾನಂತ. ಪದ್ಧತಿ ಖರೆ ಆತು ನೋಡ್ರಿ."

ಕಾಲಿಗೆ ಹಗ್ಗ ಕಟ್ಟಿದವರೂ ಅವರೇ, ಎಡವಿದನೆಂದು ಖುಷಿ ಪಟ್ಟವರೂ ಅವರೇ. ಮುಂದಿನ ಸೋಮವಾರ ತಮ್ಮ ಸ್ವಂತ ಖರ್ಚಿನಲ್ಲಿ ಕರದಂಟು ತಂದು ಬೆಂಚಿನವರಿಗೆಲ್ಲ ಹಂಚಿದರು. ಲಕ್ಕಪ್ಪನಿಗೆ ದೊಡ್ಡ ತುಂಡು. ಕೊಟ್ಟದ್ದನ್ನು ತಿನ್ನಬೇಕೆಂದು ಅವನು ತಿಂದ. ನನ್ನ ಕೈಗೆ ಬಂದದ್ದನ್ನು ನಾನು ಹೊರಗೆ ಬಂದು ಬೀದಿಯ ನಾಯಿಗೆ ಹಾಕಿದೆ. ಆ ನಾಯಿಯನ್ನು ಯಾರೂ ಯಾವ ಪ್ರಶ್ನೆಯನ್ನೂ ಕೇಳಿರಲಿಲ್ಲ, ಬಾಲ ಅಲ್ಲಾಡಿಸಿ ತಿಂದಿತು.

ಹಿಂಡು ಉಳಿಯಲಿಲ್ಲ. ಅಪ್ಪ ಕೋಲೂರಿ ಎದ್ದು ಕೂರುವಂತಾದ, ಆದರೆ ಕುರಿ ಹಿಂದೆ ನಡೆಯುವ ಕಾಲು ಹೋಗಿತ್ತು. ಸಂಬಂಧಿಕರು ತಮ್ಮ ಹಿಂಡಿಗೆ ಸೇರಿಸಿಕೊಂಡಷ್ಟು ಸೇರಿಸಿಕೊಂಡರು, ಉಳಿದವು ಸಂತೆಗೆ ಹೋದವು. ಸಂತೆಯ ಹಿಂದಿನ ದಿನ ಲಕ್ಕಪ್ಪ ಹೋಟೆಲಿನಿಂದ ನನಗೆ ಫೋನ್ ಮಾಡಿದ. ತಾನು ಊರು ಬಿಟ್ಟು ಬರುವ ಹಾಗಿಲ್ಲ. "ಸಾವಕಾರ್ರ, ಕರೇ ಕಿವಿ ಕುರಿ ಒಂದ ಐತ್ರಿ. ಅದೊಂದು ಕಟಗರ ಕೈಗೆ ಹೋಗದಂಗ ನೋಡ್ರಿ" ಅಂದ.

ನಮ್ಮ ಮನೆತನದಲ್ಲಿ ಯಾರೂ ಕುರಿ ಸಂತೆಯಲ್ಲಿ ಕಾಲಿಟ್ಟವರಲ್ಲ. ಆ ಬದಿಗೆ ಹೋಗುವ ಹಾದಿಯನ್ನೇ ಬಳಸುವುದಿಲ್ಲ. ನಾನು ಧೋತರ ಎತ್ತಿ ಹಿಡಿದು, ಹಿಕ್ಕೆಯ ಮೇಲೆ ನಿಂತು, ಬೆಳಗಿನಿಂದ ಒಂದು ಕಪ್ಪು ಕಿವಿಯನ್ನು ಹುಡುಕಿದೆ. ಒಬ್ಬ ಕಟುಕ ಅದರ ಬೆನ್ನು ಒತ್ತಿ ನೋಡುತ್ತಿದ್ದ. ನಾನು ಹೋಗಿ ಅದರ ಕೊರಳಿಗೆ ಕೈ ಹಾಕಿದೆ. "ಶೆಟ್ಟ್ರು ಯಾವಾಗಿಂದ ಮಟನ್ ತಿನ್ನಾಕತ್ತೀರಿ?" ಎಂದು ಸಂತೆಯೆಲ್ಲ ನಕ್ಕಿತು. ನಗಲಿ. ಆ ಕುರಿಯನ್ನು ನಡೆಸಿಕೊಂಡು ಬಂದು ನಮ್ಮ ಹಿತ್ತಲಿನಲ್ಲಿ ಕಟ್ಟಿದೆ. ನನ್ನ ತಾಯಿ ಅದಕ್ಕೆ ನೀರಿಟ್ಟಳು.

ಮುಚ್ಚಳಿಕೆಯ ಅವಧಿ ಕೊನೆಗೊಮ್ಮೆ ಮುಗಿಯಿತು. ಆ ದಿನ ನಾನೂ ಇದ್ದೆ. ಸಾಹೇಬರು ಲಕ್ಕಪ್ಪನ ಕೈ ಕುಲುಕಿ, "ಕಾಯ್ದೆ ಪ್ರಕಾರ ನೀ ಮುಕ್ತ ಆದಿ" ಅಂದರು. ಅಷ್ಟಕ್ಕೆ ಬಾಯಿ ಮುಚ್ಚಿದ್ದರೆ ಇವತ್ತು ನಾನು ಇದನ್ನು ಬರೆಯುತ್ತಿರಲಿಲ್ಲ. "ಆದ್ರ ಒಂದು ಮಾತು. ಜಾಗಾ ಬದಲ ಮಾಡಿದವರು ಮತ್ತ ಹಾಳಾಗ್ತಾರ, ಇದು ಸಾಬೀತಾದ ವಿಷಯ. ನೀ ಇಲ್ಲೇ ಇರು. ನಾ ನೋಡ್ಕೋತ ಇರ್ತೇನಿ" ಅಂದರು. ಲಕ್ಕಪ್ಪ ತಲೆಯಾಡಿಸಿದ. ನಾನು ಹೊರಗೆ ಕರೆದು, "ಅವರ ಮಾತ ಬಿಡೋ, ನೀ ಈಗ ಎಲ್ಲಿ ಬೇಕಾದಲ್ಲಿ ಹೋಗಬಹುದು" ಅಂದೆ. "ಹೂಂ ರೀ" ಅಂದ. ಆದರೆ ಹೋಗಲಿಲ್ಲ. ಒಮ್ಮೆ ತಂದೆಯ ಸುದ್ದಿ ಕೇಳಿ ಹೋದದ್ದಕ್ಕೆ ಏನಾಯಿತೆಂದು ಅವನು ಕಂಡಿದ್ದ. ಆಮೇಲೆ ತಂದೆ ಸತ್ತಾಗಲೂ ಸಾಹೇಬರನ್ನು ಕೇಳಿಕೊಂಡೇ ಮಣ್ಣಿಗೆ ಬಂದ, ಮಣ್ಣು ಮುಗಿದ ಕೂಡಲೇ ತಿರುಗಿ ಹೋದ.

ಸಾಹೇಬರು ಮಾತು ಉಳಿಸಿಕೊಂಡರು. ಪ್ರತಿ ಸೋಮವಾರ ರಸ್ತೆ ದಾಟಿ ಹೋಟೆಲಿಗೆ ಬಂದು, ಹೆಲ್ಮೆಟ್ಟನ್ನು ಟೇಬಲ್ ಮೇಲಿಟ್ಟು, ಚಹಾ ತರಿಸಿ, ತಾವೇ ಕಾಸು ಕೊಟ್ಟು, ಲಕ್ಕಪ್ಪನನ್ನು ನೋಡುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ ಅಧಿಕಾರಿಗಳನ್ನು ಕರೆತಂದು ತೋರಿಸುತ್ತಿದ್ದರು. ಒಮ್ಮೆ ಪಕ್ಕದ ಟೇಬಲ್ಲಿನಲ್ಲೇ ನಾನು ಕೂತಿದ್ದೆ. "ಈ ಮನಶ್ಯಾಗ ಭಾಳ ಅಂಕ ಬಂದಿದ್ವು. ಹೇಳಿದಂಗ ಷರತ್ತ ಮುರದಾ. ಬಿಗಿ ಹಿಡದೆ. ಈಗ ನೋಡ್ರಿ, ಒಂದ ಕಡೆ ನಿಂತಾನ, ಒಂದ ತಪ್ಪ ಮಾಡಿಲ್ಲ" ಎಂದು ಅವರು ಹೇಳುತ್ತಿದ್ದರು. ಆ ಎಳೆಯ ಅಧಿಕಾರಿಗಳು ಸಂತೆಯಲ್ಲಿ ದನ ನೋಡುವ ಹಾಗೆ ಲಕ್ಕಪ್ಪನನ್ನು ನೋಡಿದರು. ಅವನು ಬಟ್ಟೆ ಹಿಂಡಿ ಇನ್ನೊಂದು ಟೇಬಲ್ಲಿಗೆ ಹೋದ. ಅವನು ಕೆಟ್ಟರೂ ಇವರೇ ಗೆದ್ದರು, ಉದ್ಧಾರವಾದರೂ ಇವರೇ ಗೆದ್ದರು. ಹೀಗೆ ಎರಡೂ ಕಡೆ ಗೆಲ್ಲುವ ತಕ್ಕಡಿ ಇಟ್ಟುಕೊಂಡಿದ್ದರೆ ನಮ್ಮ ಸಂತೆಯಲ್ಲಿ ಜನ ಚಪ್ಪಲಿ ಕೈಗೆ ತೆಗೆದುಕೊಳ್ಳುತ್ತಿದ್ದರು.

ಸಾಹೇಬರು ತೀರಿಕೊಂಡದ್ದು ಒಂದು ಭಾನುವಾರ ಬೆಳಿಗ್ಗೆ. ನಿವೃತ್ತಿಗೆ ಇನ್ನೂ ಕೆಲವು ವರ್ಷ ಇದ್ದವು. ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಹೆಲ್ಮೆಟ್ಟು ಕಾಯುವುದು ತಲೆಯನ್ನಷ್ಟೇ. ನಾನು ಹೋದೆ, ಹೋಗದೆ ಇರಲಾಗಲಿಲ್ಲ. ಮನೆ ತೀರ ಸಣ್ಣದು. ಗೋಡೆಯ ಮೊಳೆಗೆ ಹೆಲ್ಮೆಟ್ಟು ತೂಗುತ್ತಿತ್ತು. ಅವರ ಹಣೆಯ ಮೇಲೆ ಆ ಕೆಂಪು ಗೆರೆ ಆಗ ಇರಲಿಲ್ಲ, ಅಷ್ಟು ವರ್ಷದಲ್ಲಿ ಅದಿಲ್ಲದ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ಒಳ್ಳೆಯದು ಮಾಡಬೇಕೆಂದೇ ಹೊರಟಿದ್ದ ಮನುಷ್ಯ. ಇದು ನನಗೆ ಗೊತ್ತು. ಗೊತ್ತಿದ್ದೂ ನನ್ನ ತಿರಸ್ಕಾರ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಸತ್ತವರ ಮುಂದೆ ಮೃದುವಾಗುವ ಗುಣ ನನಗಿಲ್ಲವೋ ಏನೋ.

ಅಲ್ಲಿಂದ ನೇರ ಹೋಟೆಲಿಗೆ ಬಂದೆ. ಮಧ್ಯಾಹ್ನದ ಗದ್ದಲ ಮುಗಿದಿತ್ತು. ಲಕ್ಕಪ್ಪನ ಕಿವಿಯ ಮೇಲೆ ಕೂದಲು ಬೆಳ್ಳಗಾಗುತ್ತ ಬಂದಿತ್ತು. ಸುದ್ದಿ ಅವನಿಗಾಗಲೇ ಮುಟ್ಟಿತ್ತು. ಸೋಮವಾರ ಸಾಹೇಬರು ಕೂರುತ್ತಿದ್ದ ಟೇಬಲ್ಲನ್ನು ಒರೆಸುತ್ತಿದ್ದ.

"ಲಕ್ಕಪ್ಪಾ, ಸಾಕಿನ್ನ" ಅಂದೆ. "ನಮ್ಮ ಹಿತ್ತಲದಾಗ ನಿನ್ನ ಕರೇ ಕಿವಿ ಕುರಿ ಮರಿಗೆ ಮರಿ ಆಗಿ ಒಂದ ಸಣ್ಣ ಹಿಂಡ ಆಗೇತಿ. ನಾ ಅವನ್ನ ಮಾರಾಂವಲ್ಲ, ತಿನ್ನಾಂವಲ್ಲ. ಅವು ನಿನ್ನವು. ನಡಿ, ಈಗ ನನ್ನ ಜೋಡಿ ನಡಿ."

ಬಟ್ಟೆ ನಿಂತಿತು. ಅವನ ಮುಖದ ಮೇಲೆ ಏನೋ ಬಂತು. ಬಹಳ ವರ್ಷಗಳ ಹಿಂದೆ, ಕಂಬಳಿ ಹೊದ್ದು ಅಪ್ಪನ ಹಿಂದೆ ನಮ್ಮ ಹೊಲಕ್ಕೆ ಬರುತ್ತಿದ್ದ ಹುಡುಗನ ಮುಖದಲ್ಲಿ ಅದನ್ನು ನೋಡಿದ್ದೆ. "ಎಷ್ಟ ಅದಾವ್ರಿ?" ಎಂದು ಕೇಳಿದ. ಹೇಳಿದೆ. "ಕಿವಿ?" ಎಂದು ಕೇಳಿದ. ಎರಡಕ್ಕೆ ಕಪ್ಪು ಕಿವಿಯೇ ಬಂದಿದೆ ಅಂದೆ. ಲಕ್ಕಪ್ಪ ಹೋಟೆಲಿನ ಬಾಗಿಲವರೆಗೆ ಬಂದ. ಹೊಸ್ತಿಲ ಮೇಲೆ ನಿಂತು ಎದುರಿನ ಕಚೇರಿಯ ಬೀಗ ನೋಡಿದ.

"ಬರ್ತೇನ್ರಿ ಸಾವಕಾರ್ರ" ಅಂದ. "ನಾಳೆ ಸೋಮವಾರ. ಅವರ ಜಾಗಾಕ ಯಾರರೆ ಹೊಸಾ ಸಾಹೇಬ್ರು ಬರ್ತಾರಲ್ರಿ, ಅವರನ್ನ ಒಂದ ಮಾತ ಕೇಳಿ ಬರ್ತೇನಿ."

ತಿರುಗಿ ಒಳಗೆ ಹೋಗಿ ಟೇಬಲ್ಲಿನ ಉಳಿದ ಅರ್ಧವನ್ನು ಒರೆಸಿದ. ಸಾಹೇಬರು ಅಲ್ಲಿ ಕೂತಿದ್ದರೆ ಏನನ್ನುತ್ತಿದ್ದರೆಂದು ನನಗೆ ಚೆನ್ನಾಗಿ ಗೊತ್ತು. ಆ ಮಾತನ್ನು ನಾನು ಇನ್ನೊಮ್ಮೆ ಬರೆಯುವುದಿಲ್ಲ.